ನವ್ಯಕಾವ್ಯದ ಕ್ಲಿಷ್ಟತೆ: ಒಂದು ಹಿನ್ನೋಟ



‘ಅರ್ಥವಾಗುವುದಿಲ್ಲ’ ಎಂಬ ದೂರು ಕನ್ನಡ ಕಾವ್ಯಕ್ಕೆ ಹೊಸತೇನೂ ಅಲ್ಲ. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ದ್ವಿತೀಯಾಕ್ಷರ ಪ್ರಾಸವನ್ನು ಕೈಬಿಟ್ಟು ಬರೆಯತೊಡಗಿದಾಗ, ಇದೂ ಒಂದು ಪದ್ಯವೇ ಎಂದು ಹುಬ್ಬೇರಿಸಿದವರಿದ್ದರು. ಬಿ.ಎಂ.ಶ್ರೀಯವರು ‘ಇಂಗ್ಲಿಷ್ ಗೀತಗಳು’ ಮೂಲಕ ಹೊಸ ಲಯಗಳನ್ನು ತಂದಾಗಲೂ ಹಳೆಯ ಷಟ್ಪದಿಗೆ ಒಗ್ಗಿದ ಕಿವಿಗಳು ಒಡನೆಯೇ ಒಪ್ಪಲಿಲ್ಲ. ಕೆಲವೇ ವರ್ಷಗಳಲ್ಲಿ ಆ ಲಯಗಳೇ ಮನೆಮಾತಾದುವು. ಆದರೆ ನವ್ಯಕಾವ್ಯದ ಮೇಲಣ ದೂರು ಮಾತ್ರ ಅಷ್ಟು ಸುಲಭವಾಗಿ ಇಳಿಯಲಿಲ್ಲ. ಗೋಪಾಲಕೃಷ್ಣ ಅಡಿಗರ ‘ಚಂಡೆಮದ್ದಳೆ’ ಪ್ರಕಟವಾದದ್ದು 1954ರಲ್ಲಿ. ಏಳು ದಶಕಗಳು ಕಳೆದರೂ ಆ ಕವಿತೆಗಳ ಹೆಸರೆತ್ತಿದೊಡನೆ ‘ಅದು ಪಂಡಿತರಿಗೆ’ ಎಂದು ಪುಸ್ತಕ ಮುಚ್ಚುವವರು ನಮ್ಮ ನಡುವೆಯೇ ಇದ್ದಾರೆ. ಈ ಕ್ಲಿಷ್ಟತೆ ಎಲ್ಲಿಂದ ಬಂತು, ಅದನ್ನು ಸಹಿಸಿಕೊಂಡು ಓದಿದವನಿಗೆ ದೊರೆಯುವುದೇನು ಎಂಬುದನ್ನು ಸ್ವಲ್ಪ ವಿಚಾರ ಮಾಡೋಣ.

ಮೊದಲು ಕಾಲದ ಮಾತು. 1940ರ ದಶಕದ ಕನ್ನಡ ಕವಿತೆ ಹಾಡಿಗೆ ಬಹಳ ಹತ್ತಿರವಿತ್ತು. 1942ರಲ್ಲಿ ಬಂದ ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ಯನ್ನು ಜನ ಓದಿದ್ದಕ್ಕಿಂತ ಹೆಚ್ಚಾಗಿ ಗುನುಗಿದರು. ಅಡಿಗರೂ ಆ ದಾರಿಯಲ್ಲೇ ನಡೆದವರು. ‘ಅಮೆರಿಕಾ ಅಮೆರಿಕಾ’ ಚಲನಚಿತ್ರದ ಮೂಲಕ ಮನೆಮನೆಗೂ ತಲುಪಿದ ‘ಮೋಹನ ಮುರಲಿ’ಯ ಕವಿ ಇದೇ ಅಡಿಗರೆಂದರೆ ಎಷ್ಟೋ ಮಂದಿ ಇಂದಿಗೂ ಆಶ್ಚರ್ಯಪಡುತ್ತಾರೆ. ನಾಡಿಗೆ ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಹೊರಬಂದ ಅವರ ಸಂಕಲನದ ಹೆಸರೇ ‘ಕಟ್ಟುವೆವು ನಾವು’. ಅಲ್ಲಿಂದ ಆರೇ ವರ್ಷಗಳಲ್ಲಿ ಅದೇ ಕವಿಯ ಧ್ವನಿ ಗುರುತು ಸಿಗದಷ್ಟು ಬದಲಾಯಿತು. ಕಟ್ಟುವ ಉತ್ಸಾಹದ ಹಿಂದೆಯೇ ಕುರ್ಚಿಯ ಕಿತ್ತಾಟ, ಹುಸಿ ಆದರ್ಶ, ಮಾತಿಗೂ ನಡತೆಗೂ ಇರುವ ಅಂತರಗಳು ಕಾಣತೊಡಗಿದ್ದುವು. ಇವನ್ನು ಹೇಳಲು ಹಳೆಯ ಇಂಪಾದ ರಾಗ ಸಾಲದೆಂದು ಅವರಿಗೆ ತೋರಿತು. ಆದುದರಿಂದಲೇ ಯಕ್ಷಗಾನದ ಚಂಡೆ, ಮದ್ದಳೆಗಳ ಹೆಸರನ್ನು ಪುಸ್ತಕಕ್ಕಿಟ್ಟರು. ಕರಾವಳಿಯ ಮೊಗೇರಿಯಲ್ಲಿ 1918ರಲ್ಲಿ ಹುಟ್ಟಿದ ಅವರಿಗೆ ಚಂಡೆಯ ಪೆಟ್ಟು ಎಳವೆಯಿಂದಲೇ ಪರಿಚಿತವಾಗಿದ್ದಿರಬೇಕು. ಅದು ಮಲಗಿದವರನ್ನು ಎಬ್ಬಿಸುವ ವಾದ್ಯವೇ ಹೊರತು ಜೋಗುಳದ ವಾದ್ಯವಲ್ಲ.

ಈ ಬದಲಾವಣೆಗೆ ಹೊರಗಿನ ಪ್ರೇರಣೆಯೂ ಇತ್ತು. ಅಡಿಗರು ಇಂಗ್ಲಿಷ್ ಅಧ್ಯಾಪಕರಾಗಿದ್ದವರು. ಮೊದಲ ಮಹಾಯುದ್ಧ 1918ರಲ್ಲಿ ಮುಗಿದ ಮೇಲೆ ಯುರೋಪಿನ ಲೇಖಕರಿಗೆ ತಮ್ಮ ಹಿಂದಿನವರ ನಯವಾದ ವಾಕ್ಯಗಳ ಮೇಲೆ ನಂಬಿಕೆ ಉಳಿದಿರಲಿಲ್ಲ. 1922ನೆಯ ಇಸವಿಯೊಂದರಲ್ಲೇ ಎರಡು ದುರ್ಗಮ ಕೃತಿಗಳು ಹೊರಬಂದುವು. ಜೇಮ್ಸ್ ಜಾಯ್ಸನ ‘ಯುಲಿಸಿಸ್’ ಫೆಬ್ರವರಿಯಲ್ಲಿ ಪ್ಯಾರಿಸ್ಸಿನಲ್ಲಿ ಪ್ರಕಟವಾಯಿತು, ಟಿ.ಎಸ್. ಎಲಿಯಟ್ಟನ ‘ದಿ ವೇಸ್ಟ್ ಲ್ಯಾಂಡ್’ ಅಕ್ಟೋಬರಿನಲ್ಲಿ ಪತ್ರಿಕೆಯೊಂದರಲ್ಲಿ ಬಂತು. ಕೇವಲ 434 ಸಾಲುಗಳ ಆ ಪದ್ಯ ಅದೇ ವರ್ಷದ ಕೊನೆಗೆ ಪುಸ್ತಕವಾದಾಗ ಕವಿಯೇ ಅದಕ್ಕೆ ಟಿಪ್ಪಣಿಗಳನ್ನು ಜೋಡಿಸಿದನು. ಟಿಪ್ಪಣಿಗಳನ್ನು ಓದಿದ ಮೇಲೂ ಪದ್ಯ ಸುಲಭವಾಗಲಿಲ್ಲ ಎಂಬುದು ಬೇರೆ ಮಾತು.

ಈ ಪದ್ಯದೊಳಗೆ ನಮಗೆ ಸಂಬಂಧಪಟ್ಟ ಒಂದು ಸಂಗತಿಯಿದೆ. ಎಲಿಯಟ್ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಸಂಸ್ಕೃತವನ್ನು ಅಭ್ಯಾಸ ಮಾಡಿದವನು. ತನ್ನ ಪದ್ಯದ ಕೊನೆಯ ಭಾಗಕ್ಕೆ ಅವನು ಆರಿಸಿಕೊಂಡದ್ದು ಬೃಹದಾರಣ್ಯಕ ಉಪನಿಷತ್ತಿನ ಕಥೆಯನ್ನು. ದೇವತೆಗಳು, ಮನುಷ್ಯರು, ಅಸುರರು, ಈ ಮೂವರೂ ಪ್ರಜಾಪತಿಯ ಬಳಿ ಬ್ರಹ್ಮಚರ್ಯದಿಂದಿದ್ದು ವಿದ್ಯಾಭ್ಯಾಸ ಮುಗಿಸುತ್ತಾರೆ. ಉಪದೇಶ ಮಾಡೆಂದು ಒಬ್ಬೊಬ್ಬರಾಗಿ ಕೇಳಿದಾಗ ಅವನು ಎಲ್ಲರಿಗೂ ಹೇಳುವುದು ‘ದ’ ಎಂಬ ಒಂದೇ ಅಕ್ಷರವನ್ನು. ಬಳಿಕ ‘ತಿಳಿಯಿತೆ?’ ಎಂದು ಕೇಳುತ್ತಾನೆ. ಭೋಗದಲ್ಲಿದ್ದ ದೇವತೆಗಳಿಗೆ ಅದು ‘ದಮ’ವೆಂದು ತೋರಿತು. ಕೂಡಿಡುವ ಮನುಷ್ಯರಿಗೆ ‘ದಾನ’ವೆಂದು ತೋರಿತು. ಕ್ರೂರಿಗಳಾದ ಅಸುರರಿಗೆ ‘ದಯೆ’ಯೆಂದು ತೋರಿತು. ಪ್ರಜಾಪತಿ ಮೂವರಿಗೂ ‘ಹೌದು, ತಿಳಿದಿರಿ’ ಎಂದನು.

ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದ ನನಗೆ ಈ ಕಥೆ ಪ್ರತಿಸಲವೂ ಹೊಸತಾಗಿ ತೋರುತ್ತದೆ. ಗುರುವು ಸಾರಾಂಶ ಬರೆಸಲಿಲ್ಲ. ಅರ್ಥ ಕೊಡುವ ಕೆಲಸವನ್ನು ಶಿಷ್ಯನಿಗೇ ಬಿಟ್ಟನು. ಹಾಗೆಂದು ಬಾಯಿಗೆ ಬಂದದ್ದೆಲ್ಲ ಅರ್ಥವೆಂದೂ ಅಲ್ಲ, ಏಕೆಂದರೆ ಮೂರು ಉತ್ತರಗಳೂ ‘ದ’ಕಾರದಿಂದಲೇ ಹೊರಟಿವೆ. ಅಕ್ಷರಕ್ಕೆ ನಿಷ್ಠೆ, ಅದರ ಜೊತೆಗೆ ತನ್ನ ಕೊರತೆಯ ಅರಿವು, ಇವೆರಡೂ ಕೂಡಿದಲ್ಲಿ ಅರ್ಥ ಹುಟ್ಟಿತು. ಕಠಿಣವಾದ ಕವಿತೆಯೊಂದು ಓದುಗನಿಂದ ಬಯಸುವುದೂ ಇಷ್ಟನ್ನೇ.

ನಮ್ಮ ನಾಡಿಗೆ ಕ್ಲಿಷ್ಟ ಕಾವ್ಯದ ಪರಿಚಯ ಮೊದಲೇ ಇತ್ತು. ಹನ್ನೆರಡನೆಯ ಶತಮಾನದ ಅಲ್ಲಮಪ್ರಭುವಿನ ಬೆಡಗಿನ ವಚನಗಳು ಯಾವ ನವ್ಯ ಕವಿತೆಗೂ ಕಡಿಮೆಯಿಲ್ಲದ ಒಗಟುಗಳು. ಪಂಪನ ಚಂಪೂಕಾವ್ಯ, ಕುಮಾರವ್ಯಾಸನ ರೂಪಕಗಳು ಎಲ್ಲವೂ ಕಷ್ಟದವೇ. ಆದರೂ ಆಗ ‘ಅರ್ಥವಾಗುವುದಿಲ್ಲ’ ಎಂಬ ಗಲಾಟೆ ಏಳಲಿಲ್ಲವೇಕೆ? ಅಂದಿನ ಶ್ರೋತೃ ಒಂಟಿಯಾಗಿರಲಿಲ್ಲ ಎಂಬುದು ನನಗೆ ತೋರುವ ಉತ್ತರ. ಬೆಡಗಿನ ವಚನಗಳಿಗೆ ಟೀಕಾಕಾರರು ಟೀಕೆ ಬರೆದರು. ದೇವಸ್ಥಾನದ ಜಗಲಿಯಲ್ಲಿ ಗಮಕಿ ಭಾರತವನ್ನು ವಾಚಿಸಿದರೆ ಪಕ್ಕದಲ್ಲಿ ಕುಳಿತ ವ್ಯಾಖ್ಯಾನಕಾರ ಬಿಡಿಸಿ ಹೇಳುತ್ತಿದ್ದ. ನವ್ಯಕಾವ್ಯ ಬಂದದ್ದು ಅಚ್ಚಿನ ಪುಟದಲ್ಲಿ, ಮೌನವಾಗಿ ಓದುವ ಒಬ್ಬಂಟಿ ಓದುಗನ ಕೈಗೆ. ವ್ಯಾಖ್ಯಾನಕಾರನ ಪೀಠ ಬರಿದಾಗಿತ್ತು. ಅದರ ಮೇಲೆ ಓದುಗನೇ ಏರಿ ಕೂರಬೇಕಾಯಿತು. ಕೀರ್ತಿನಾಥ ಕುರ್ತಕೋಟಿಯವರಂಥ ವಿಮರ್ಶಕರು ದಾರಿ ತೋರಿಸಿದರು; 1960ರ ದಶಕದಲ್ಲಿ ಅಡಿಗರೇ ‘ಸಾಕ್ಷಿ’ ಪತ್ರಿಕೆಯ ಮೂಲಕ ಹೊಸ ಓದುಗವರ್ಗವನ್ನು ಬೆಳೆಸಿದರು. ಆದರೂ ಕೊನೆಯ ಹೆಜ್ಜೆಯನ್ನು ಇಡಬೇಕಾದವನು ಓದುಗನೇ.

ಉದಾಹರಣೆಯಾಗಿ 1959ರ ‘ಭೂಮಿಗೀತ’ ಸಂಕಲನದ ‘ಭೂತ’ ಎಂಬ ಕವಿತೆಯನ್ನು ತೆಗೆದುಕೊಳ್ಳಿ. ಹತ್ತನೆಯ ತರಗತಿಯ ಪಠ್ಯದಲ್ಲಿ ಇಲ್ಲದಿದ್ದರೂ ಕೆಲವು ವರ್ಷ ಶನಿವಾರದ ಕಡೆಯ ಅವಧಿಯಲ್ಲಿ ಇದನ್ನು ಓದಿಸಿದ್ದುಂಟು. ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಶೀರ್ಷಿಕೆಯ ಪದವನ್ನು ಮಾತ್ರ ಹಲಗೆಯ ಮೇಲೆ ಬರೆದು ಅರ್ಥ ಕೇಳುತ್ತಿದ್ದೆ. ವ್ಯಾಕರಣ ಬಲ್ಲವರು ‘ಕಳೆದುಹೋದ ಕಾಲ’ ಎನ್ನುತ್ತಿದ್ದರು. ಹಿಂದಿನ ಬೆಂಚಿನವರು ‘ದೆವ್ವ’ ಎಂದು ನಗುತ್ತಿದ್ದರು. ಘಟ್ಟದ ಕೆಳಗಿನ ನಂಟಿದ್ದವರು ‘ಅದು ದೆವ್ವವಲ್ಲ, ಕೋಲ ಕೊಟ್ಟು ನಂಬುವ ದೈವ’ ಎಂದು ತಿದ್ದುತ್ತಿದ್ದರು. ಪಂಚಭೂತಗಳನ್ನು ನೆನಪಿಸುವವರೂ ಇರುತ್ತಿದ್ದರು. ಯಾವುದು ಸರಿ ಎಂದು ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಎಲ್ಲವೂ ಸರಿ, ಕವಿತೆ ನಿಂತಿರುವುದೇ ಈ ಅರ್ಥಗಳ ಕೂಡುದಾರಿಯಲ್ಲಿ. ನಮ್ಮ ಹಿಂದಿನದು ನಮ್ಮನ್ನು ದೆವ್ವದಂತೆ ಕಾಡುತ್ತದೆ. ಅದನ್ನು ಅರಿತು ಒಲಿಸಿಕೊಂಡರೆ ದೈವವೂ ಆಗಬಲ್ಲುದು.

ಕವಿತೆಯೊಳಗೆ ಬಾವಿಯ ಕೊಳೆತ ನೀರು ಆವಿಯಾಗಿ ಮೇಲೇರಿ, ಮೋಡವಾಗಿ, ಮಳೆಯಾಗಿ ಇಳಿದು ಪೈರಾಗುವ ಚಿತ್ರವಿದೆ. ನೆಲವನ್ನು ಅಗೆಯುತ್ತ ಹೋದರೆ ಮೊದಲು ಸಿಗುವುದು ಬರಿಯ ಮಣ್ಣು, ಇನ್ನೂ ಆಳಕ್ಕೆ ಹೋದರೆ ಚಿನ್ನದ ಅದಿರು, ಅದನ್ನು ಕರಗಿಸಿ ವಿಗ್ರಹವಾಗಿಸುವ ವಿದ್ಯೆ ಬೇರೆಯೇ ಎಂಬ ಚಿತ್ರವೂ ಇದೆ. ಒಂದು ವರ್ಷ ಈ ಭಾಗವನ್ನು ಓದಿದಾಗ ಬಾವಿ ತೋಡುವವರ ಮನೆಯ ಹುಡುಗನೊಬ್ಬ ತಾನಾಗಿ ಎದ್ದುನಿಂತ. ‘ಮೊದಲು ಕೆಮ್ಮಣ್ಣು ಸರ್, ಆಮೇಲೆ ಜಂಬಿಟ್ಟಿಗೆ, ಆಮೇಲೆ ಶೇಡಿ. ಶೇಡಿ ಸಿಕ್ಕಲ್ಲಿ ಗೋಡೆ ಕುಸಿಯುತ್ತದೆ, ಅವಸರ ಮಾಡುವ ಹಾಗಿಲ್ಲ’ ಎಂದ. ಪರೀಕ್ಷೆಯಲ್ಲಿ ಪದ್ಯದ ಭಾವಾರ್ಥ ಬರೆಯಲು ತಿಣುಕುತ್ತಿದ್ದ ಹುಡುಗ ಅಂದು ತರಗತಿಗೇ ವ್ಯಾಖ್ಯಾನಕಾರನಾದ. ಕವಿತೆ ಸುಲಭವಾಗಿದ್ದಿದ್ದರೆ ಅವನ ತಿಳಿವಳಿಕೆಗೆ ಅಲ್ಲಿ ಕೆಲಸವೇ ಇರುತ್ತಿರಲಿಲ್ಲ. ನಾನು ಹೇಳುವುದು, ಅವರು ಬರೆದುಕೊಳ್ಳುವುದು, ಅಷ್ಟಕ್ಕೆ ಮುಗಿಯುತ್ತಿತ್ತು.

ಇಂಥ ಓದಿನ ಮೊದಲ ಫಲ ಇದೇ: ದುಡಿದು ಪಡೆದ ಅರ್ಥ ನಮ್ಮದಾಗಿ ಉಳಿಯುತ್ತದೆ, ನಮ್ಮೊಡನೆ ಬೆಳೆಯುತ್ತದೆ. ಇಪ್ಪತ್ತೈದರ ಹರೆಯದಲ್ಲಿ ‘ಭೂತ’ವನ್ನು ಓದಿದಾಗ ನನಗೆ ಅದು ಹಳೆಯದರ ಮೇಲಿನ ಸಿಟ್ಟಾಗಿ ಕಂಡಿತ್ತು. ತಂದೆಯವರು ತೀರಿಕೊಂಡ ವರ್ಷ ಓದಿದಾಗ, ಪಿತೃಗಳಿಗೆ ನಾವು ಸಲ್ಲಿಸಬೇಕಾದದ್ದು ಶ್ರಾದ್ಧದ ಪಿಂಡವೊಂದೇ ಅಲ್ಲ, ಅವರು ಬಿಟ್ಟುಹೋದ ಅದಿರನ್ನು ಕರಗಿಸುವ ಶ್ರಮವೂ ಹೌದು ಎಂದು ಕಂಡಿತು. ಅಕ್ಷರಗಳು ಅವೇ ಇದ್ದುವು.

ಇನ್ನೊಂದು ಫಲ ಸಮಾಜಕ್ಕೆ ಸಂಬಂಧಿಸಿದ್ದು. ನವ್ಯಕವಿತೆಯಲ್ಲಿ ವ್ಯಂಗ್ಯ ಹೆಚ್ಚು. ಹೊಗಳಿಕೆಯಂತೆ ಕಾಣುವುದು ತೆಗಳಿಕೆಯಾಗಿರಬಹುದು. ಮಾತನಾಡುತ್ತಿರುವವನು ಕವಿಯೇ ಆಗಿರಬೇಕೆಂದಿಲ್ಲ. ಆದುದರಿಂದ ಓದುಗ ಪ್ರತಿ ಸಾಲಿನಲ್ಲೂ ‘ಇದನ್ನು ಹೇಳುತ್ತಿರುವವರು ಯಾರು? ಏಕೆ?’ ಎಂದು ಕೇಳಿಕೊಳ್ಳಬೇಕಾಗುತ್ತದೆ. ಈ ಅಭ್ಯಾಸ ಕವಿತೆಗಷ್ಟೇ ಸೀಮಿತವಲ್ಲ. ಕೇಳಿದೊಡನೆ ತಿಳಿಯುವ ಮಾತೇ ಸತ್ಯವೆಂದು ನಂಬುವ ಜನತೆಯನ್ನು ಅತ್ಯಂತ ಸರಳವಾಗಿ ಮಾತನಾಡುವವನು ಎತ್ತ ಬೇಕಾದರೂ ಕೊಂಡೊಯ್ಯಬಲ್ಲ.

ಎದುರು ವಾದವನ್ನು ಹೇಳದಿದ್ದರೆ ನ್ಯಾಯವಾಗದು. 1970ರ ದಶಕದಲ್ಲಿ ದಲಿತ ಮತ್ತು ಬಂಡಾಯ ಲೇಖಕರು ನವ್ಯದ ಕ್ಲಿಷ್ಟತೆಯನ್ನು ಪ್ರಶ್ನಿಸಿದರು. ತಲತಲಾಂತರದಿಂದ ಅಕ್ಷರವನ್ನೇ ಕಾಣದವರ ಎದುರು ಒಗಟಿನ ಕವಿತೆ ಹಿಡಿಯುವುದು ಮತ್ತೊಂದು ಬಾಗಿಲು ಮುಚ್ಚಿದಂತೆ ಅಲ್ಲವೇ ಎಂಬುದು ಅವರ ಪ್ರಶ್ನೆ. 1975ರಲ್ಲಿ ಬಂದ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬೀದಿಯಲ್ಲಿ ನಿಂತು ಹಾಡುವ ಕವಿತೆಯಾಗಿ ಬಂತು, ಅದು ಬರಲೇಬೇಕಾಗಿತ್ತು. ಆದರೆ ಅದೇ ಕಾಲದಲ್ಲಿ ಬರೆಯತೊಡಗಿದ ದೇವನೂರ ಮಹಾದೇವರ ‘ಕುಸುಮಬಾಲೆ’ 1984ರಲ್ಲಿ ಪ್ರಕಟವಾದಾಗ ಏನಾಯಿತು? ನಂಜನಗೂಡು ಸೀಮೆಯ ಆಡುಮಾತಿನಲ್ಲಿ ಬರೆದ ಆ ಸಣ್ಣ ಪುಸ್ತಕದ ಎದುರು ಪದವೀಧರರೇ ತಡವರಿಸಿದರು. ಆ ಸೀಮೆಯವರು ಗಟ್ಟಿಯಾಗಿ ಓದಿದರೆ ಅದು ಮಾತಿನಂತೆ ಹರಿಯುತ್ತದೆ. ಕ್ಲಿಷ್ಟತೆ ಎಂಬುದು ಪುಸ್ತಕದಲ್ಲಿ ಎಷ್ಟಿದೆಯೋ ಓದುಗ ಕುಳಿತ ಜಾಗದಲ್ಲೂ ಅಷ್ಟೇ ಇದೆ ಎಂಬುದನ್ನು ‘ಕುಸುಮಬಾಲೆ’ ನಮಗೆ ಕಲಿಸಿತು. ಇಷ್ಟು ಕಾಲ ಅವರು ನಮ್ಮ ಕನ್ನಡವನ್ನು ಕಷ್ಟಪಟ್ಟು ಕಲಿತಿದ್ದರು. ಈಗ ಕಷ್ಟಪಡುವ ಸರದಿ ನಮ್ಮದಾಯಿತು. ಇದಕ್ಕಿಂತ ದೊಡ್ಡ ಪಾಠವನ್ನು ಸುಲಭವಾದ ಕಾದಂಬರಿಯೊಂದು ಕಲಿಸೀತೆಂದು ನನಗೆ ತೋರುವುದಿಲ್ಲ.

ಈಗಿನ ಮಕ್ಕಳಿಗೆ ಸಾರಾಂಶ ಬಹಳ ಬೇಗ ದೊರೆಯುತ್ತದೆ. ಮೊದಲು ಗೈಡುಗಳಿದ್ದುವು, ಈಗ ಫೋನಿನಲ್ಲಿ ಪದ್ಯದ ಹೆಸರು ಕೇಳಿದರೆ ಯಂತ್ರವೇ ಭಾವಾರ್ಥ ಬರೆದುಕೊಡುತ್ತದೆ. ಅದರಲ್ಲಿ ತಪ್ಪಿರಬಹುದು, ಇಲ್ಲದಿರಬಹುದು. ಆದರೆ ಪ್ರಜಾಪತಿಯ ‘ದ’ಕಾರಕ್ಕೆ ಮೂರನೆಯವನೊಬ್ಬ ಉತ್ತರ ಹೇಳಿಕೊಟ್ಟಿದ್ದರೆ ಅಸುರರಿಗೆ ತಮಗೆ ಬೇಕಾದದ್ದು ದಯೆಯೆಂದು ಎಂದಾದರೂ ಹೊಳೆಯುತ್ತಿತ್ತೇ?

ನಿಮ್ಮ ಮನೆಯ ಮಕ್ಕಳೊಡನೆ ಒಮ್ಮೆ ‘ಭೂತ’ವನ್ನು ಓದಿ. ಮೊದಲ ಸಲ ಅರ್ಥದ ಗೊಡವೆ ಬೇಡ, ಗಟ್ಟಿಯಾಗಿ ಓದಿ. ಲಯ ತಾನೇ ಅರ್ಧ ದಾರಿ ತೋರಿಸುತ್ತದೆ. ಎರಡನೆಯ ಸಲ ಗೊತ್ತಿಲ್ಲದ ಪದಗಳಿಗೆ ನಿಘಂಟು ತೆರೆಯಿರಿ. ಮೂರನೆಯ ಸಲ ಮಕ್ಕಳಿಗೆ ಕಂಡದ್ದನ್ನು ಅವರ ಬಾಯಿಂದಲೇ ಕೇಳಿ. ಅಂದೇ ಬಿಡಿಸದ ಸಾಲನ್ನು ಹಾಗೆಯೇ ಬಿಟ್ಟು, ಕೆಲವು ವರ್ಷಗಳ ಬಳಿಕ ಮತ್ತೆ ತೆರೆಯಿರಿ. ಅಡಿಗರು ಒಗ್ಗಿತೆಂದರೆ ಎ.ಕೆ. ರಾಮಾನುಜನ್ ಅವರ ‘ಹೊಕ್ಕುಳಲ್ಲಿ ಹೂವಿಲ್ಲ’ ಮತ್ತು ಯಶವಂತ ಚಿತ್ತಾಲರ ‘ಶಿಕಾರಿ’ ಕಾದಿವೆ. ಓದಿದ ಮೇಲೆ ನಿಮಗೆ ಕಂಡ ಅರ್ಥವನ್ನು ನನಗೂ ಬರೆದು ತಿಳಿಸಿ. ಅದು ನನ್ನದಕ್ಕಿಂತ ಬೇರೆಯಾಗಿದ್ದರೆ ಇನ್ನೂ ಸಂತೋಷ.