ಮುಗಿಲನ್ನು ಮಣಿಸುವ ಯತ್ನಗಳು

ಮಳೆಯನ್ನು ನಂಬಿ ಬಾಳುವ ನಾಡಿನಲ್ಲಿ ಮುಗಿಲಿನತ್ತ ಕೈಯೆತ್ತದ ತಲೆಮಾರಿಲ್ಲ. ನಮ್ಮ ಉಟಗಿಯನ್ನೊಳಗೊಂಡ ಜತ್ತ ಸೀಮೆಯು ಸಹ್ಯಾದ್ರಿಯ ಮಳೆನೆರಳಿನಲ್ಲಿದೆ. ಅರಬೀ ಸಮುದ್ರದ ಮೋಡಗಳು ಘಟ್ಟದ ಮೇಲೆಯೇ ತಮ್ಮ ಭಾರವನ್ನಿಳಿಸಿ, ಹಗುರಾಗಿ ನಮ್ಮ ತಲೆಯ ಮೇಲೆ ಸಾಗಿಹೋಗುತ್ತವೆ. ಆದುದರಿಂದ ಮೋಡವನ್ನು ಮಣಿಸುವ ಮಾನವಯತ್ನದ ಇತಿಹಾಸವು ನಮಗೆ ಬರಿಯ ಕುತೂಹಲದ ವಿಷಯವಲ್ಲ, ಅನ್ನದ ವಿಷಯವಾಗಿದೆ.

ಹಿರಿಯರ ಉಪಾಯ ಪ್ರಾರ್ಥನೆಯಾಗಿತ್ತು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮಳೆ ತಡೆದಾಗ ಗುರ್ಜಿಯನ್ನು ತಲೆಯ ಮೇಲೆ ಹೊತ್ತು ಹಾಡುತ್ತ ಮನೆಮನೆಗೆ ಹೋಗುವ ರೂಢಿಯುಂಟು. ಮನೆಯವರು ಅದರ ಮೇಲೆ ನೀರೆರೆದು ಕಾಳುಕಡಿ ನೀಡುವರು. ಕಪ್ಪೆಗಳಿಗೆ ಮದುವೆ ಮಾಡಿಸುವುದೂ ಉಂಟು.

ವಿಜ್ಞಾನದ ದಾರಿ ತೆರೆದುದು 1946ರಲ್ಲಿ. ಅಮೇರಿಕದ ವಿನ್ಸೆಂಟ್ ಶೇಫರ್ ಅವರು ಆ ವರ್ಷದ ನವೆಂಬರ ತಿಂಗಳಲ್ಲಿ ವಿಮಾನದಿಂದ ಮೋಡಕ್ಕೆ ಒಣ ಮಂಜುಗಡ್ಡೆಯನ್ನು ಎರಚಿ ಹಿಮ ಉದುರುವಂತೆ ಮಾಡಿದರು. ಬೆಳ್ಳಿಯ ಅಯೋಡೈಡಿನ ಕಣಗಳಿಂದಲೂ ಈ ಕಾರ್ಯ ಸಾಧ್ಯವೆಂಬುದನ್ನು ಬರ್ನಾರ್ಡ್ ವೊನೆಗಟ್ ಅವರು ಕಂಡುಹಿಡಿದರು. ಆ ಕಣಗಳ ರಚನೆ ಹಿಮದ ಹರಳನ್ನು ಹೋಲುವುದರಿಂದ ಮೋಡದೊಳಗಿನ ಅತಿಶೀತಲ ನೀರು ಅವುಗಳ ಸುತ್ತ ಹೆಪ್ಪುಗಟ್ಟುತ್ತದೆ. ಬೆಚ್ಚನೆಯ ಮೋಡಗಳಿಗಾದರೋ ತೇವವನ್ನು ಹೀರುವ ಉಪ್ಪಿನ ಕಣಗಳು ಬೇಕು. ಅವು ಸಣ್ಣ ಹನಿಗಳನ್ನು ಕೂಡಿಸಿಕೊಂಡು ಬೆಳೆದು ಕೆಳಗಿಳಿಯುತ್ತವೆ.

ನಮ್ಮ ಸುತ್ತಲೂ ಇಂಥ ಪ್ರಯೋಗಗಳು ನಡೆದಿವೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯು 1973ರಿಂದ 1986ರ ನಡುವಿನ 11 ಮಳೆಗಾಲಗಳಲ್ಲಿ ಬಾರಾಮತಿಯ ಭಾಗದಲ್ಲಿ ಮೋಡಗಳಿಗೆ ಉಪ್ಪನ್ನು ಬಿತ್ತಿ, ಮಳೆಯು ಶೇ. 24ರಷ್ಟು ಹೆಚ್ಚಿತೆಂದು ಲೆಕ್ಕ ಹಾಕಿತು. ಕರ್ನಾಟಕ ಸರಕಾರವು 2003ರಲ್ಲಿ ‘ವರುಣ’, 2017ರಲ್ಲಿ ‘ವರ್ಷಧಾರಿ’ ಎಂಬ ಯೋಜನೆಗಳನ್ನು ಕೈಕೊಂಡಿತು. ಪುಣೆಯ ಸಂಸ್ಥೆಯೇ 2018 ಮತ್ತು 2019ರಲ್ಲಿ ನೆರೆಯ ಸೊಲ್ಲಾಪುರದ ಮೇಲೆ 276 ಮೋಡಗಳನ್ನು ಪರೀಕ್ಷಿಸಿತು. ಕೆಲವಕ್ಕೆ ಬಿತ್ತಿ, ಕೆಲವನ್ನು ಹಾಗೆಯೇ ಬಿಟ್ಟು ಹೋಲಿಸಿ ನೋಡಲಾಗಿ, ಗಾಳಿ ಸಾಗುವ ದಿಕ್ಕಿನ ಸುಮಾರು 100 ಚದರ ಕಿಲೋಮೀಟರಿನಲ್ಲಿ ಸರಾಸರಿ ಶೇ. 18ರಷ್ಟು ಹೆಚ್ಚು ಮಳೆ ಕಂಡುಬಂದಿತೆಂದು 2023ರಲ್ಲಿ ಪ್ರಕಟಿಸಿತು.

ಇದು ಸಣ್ಣ ಸಾಧನೆಯಲ್ಲ. ಆದರೂ ಒಂದು ಮಾತನ್ನು ಮರೆಯಲಾಗದು. ಈ ವಿದ್ಯೆಯು ಬಂದ ಮೋಡದಿಂದ ತುಸು ಹೆಚ್ಚು ಹನಿಗಳನ್ನು ಪಡೆಯಬಲ್ಲುದೇ ಹೊರತು ಬಾರದ ಮೋಡವನ್ನು ಸೃಷ್ಟಿಸಲಾರದು. 1972ರಂಥ ಬರಗಾಲದಲ್ಲಿ, ಮೋಡವೇ ಅಪರೂಪವಾದಾಗ, ಬಿತ್ತುವುದಾದರೂ ಎಲ್ಲಿ? ಬಿದ್ದ ಮಳೆಯನ್ನು ಒಡ್ಡು ಹಾಕಿ ನಿಲ್ಲಿಸುವುದು, ಕೆರೆಯ ಹೂಳೆತ್ತುವುದು, ಬಾವಿಯ ಸೆಲೆಯನ್ನು ಕಾಯುವುದು, ಇವು ಮಾತ್ರ ನಮ್ಮ ಕೈಯಲ್ಲಿವೆ. ಮುಗಿಲಿಗೆ ಗಡಿಯಿಲ್ಲ; ನೀರು ಕಾಯುವ ಈ ಕೆಲಸಕ್ಕೂ ಗಡಿ ಬೇಕಾಗಿಲ್ಲ. ನಮ್ಮ ಬಂಧುಗಳು ಇದನ್ನು ಮನಗಾಣಲಿ.