ಹಾಜರಿ ಪುಸ್ತಕ ಮತ್ತು ಶಿಕ್ಷಕರ ಕಣ್ಣು: ಪ್ರತಿಭಾವಂತ ಮಕ್ಕಳನ್ನು ಗುರುತಿಸಿದ ಬಗೆಗಳ ಚರಿತ್ರೆ

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಲೂಯಿಸ್ ಟರ್ಮನ್ 1921ರಲ್ಲಿ ಕ್ಯಾಲಿಫೋರ್ನಿಯದ ಶಾಲೆಗಳಲ್ಲಿ ಅಸಾಧಾರಣ ಬುದ್ಧಿಯ ಮಕ್ಕಳನ್ನು ಹುಡುಕಲು ಹೊರಟರು. ಅಷ್ಟೂ ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿ ಪರೀಕ್ಷಿಸುವುದು ಆಗದ ಮಾತು. ಹಾಗಾಗಿ ಮೊದಲ ಜರಡಿಯನ್ನು ಶಿಕ್ಷಕರ ಕೈಗೆ ಕೊಟ್ಟರು. ತರಗತಿಯಲ್ಲಿ ಅತಿ ಜಾಣರೆನಿಸಿದ ಮೂವರ ಹೆಸರನ್ನು ಶಿಕ್ಷಕರು ಬರೆದುಕೊಡಬೇಕು. ಜೊತೆಗೆ ಎಲ್ಲರಿಗಿಂತ ಚಿಕ್ಕ ವಯಸ್ಸಿನ ಮಗುವಿನ ಹೆಸರನ್ನೂ ಸೇರಿಸಬೇಕು. ಹೀಗೆ ಬಂದವರಿಗೆ ಸಾಮೂಹಿಕ ಪರೀಕ್ಷೆ ನಡೆಯಿತು. ಅದರಲ್ಲಿ ಮುಂದೆ ನಿಂತವರಿಗೆ ಮಾತ್ರ ಟರ್ಮನ್ 1916ರಲ್ಲಿ ಸಿದ್ಧಪಡಿಸಿದ್ದ ಸ್ಟ್ಯಾನ್‌ಫರ್ಡ್-ಬಿನೆ ಪರೀಕ್ಷೆ.

ಈ ಅಧ್ಯಯನದ ಮೊದಲ ಸಂಪುಟ 1925ರಲ್ಲಿ ಹೊರಬಂತು. ಅದರಲ್ಲಿನ ಒಂದು ಫಲಿತ, ನನ್ನ ದೃಷ್ಟಿಯಲ್ಲಿ, ಉಳಿದೆಲ್ಲಕ್ಕಿಂತ ಮುಖ್ಯವಾದದ್ದು. ತರಗತಿಯ ಅತಿ ಬುದ್ಧಿವಂತ ಮಗುವನ್ನು ಒಂದೇ ಒಂದು ಉಪಾಯದಿಂದ ಪತ್ತೆಮಾಡಬೇಕೆಂದರೆ, ಶಿಕ್ಷಕರನ್ನು ಕೇಳುವುದಕ್ಕಿಂತ ಹಾಜರಿ ಪುಸ್ತಕದಲ್ಲಿ ಹುಟ್ಟಿದ ತಾರೀಖು ನೋಡಿ ಎಲ್ಲರಿಗಿಂತ ಚಿಕ್ಕ ಮಗುವನ್ನು ಆರಿಸುವುದೇ ವಾಸಿ ಎಂದು ಟರ್ಮನ್ ಕಂಡುಕೊಂಡರು. ಕಾರಣ ಸರಳ. ಶಿಕ್ಷಕರು ಮಗುವಿನ ಕೆಲಸವನ್ನು ನೋಡುತ್ತಿದ್ದರು, ವಯಸ್ಸನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಹನ್ನೆರಡು ವರ್ಷದವನು ಅಚ್ಚುಕಟ್ಟಾಗಿ ಮಾಡಿದ ಲೆಕ್ಕ ಒಂಬತ್ತು ವರ್ಷದವಳು ತಡವರಿಸುತ್ತ ಮಾಡಿದ ಅದೇ ಲೆಕ್ಕಕ್ಕಿಂತ ಮೇಲಾಗಿ ಕಾಣುತ್ತಿತ್ತು. ಪ್ರತಿಭೆಯ ಗುರುತು ಮಗುವಿನಲ್ಲಿ ಎಷ್ಟು ಇರುತ್ತದೆಯೋ ನೋಡುವವರ ಕಣ್ಣಿನಲ್ಲೂ ಅಷ್ಟೇ ಇರುತ್ತದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಹಳೆಯ ದಾಖಲೆ ಅಪರೂಪ. ಆದರೂ ಈ ಮಾತು ಶಾಲೆಗಳ ನಡವಳಿಕೆಗೆ ಇಳಿಯಲಿಲ್ಲ.

ಟರ್ಮನ್ ಕೈಯಲ್ಲಿದ್ದ ಅಳತೆಗೋಲು ಹುಟ್ಟಿದ್ದು ಬೇರೆಯದೇ ಅಗತ್ಯದಿಂದ. ಪ್ಯಾರಿಸ್ಸಿನಲ್ಲಿ ಆಲ್ಫ್ರೆಡ್ ಬಿನೆ ಮತ್ತು ಥಿಯೊಡೋರ್ ಸಿಮೋನ್ 1905ರಲ್ಲಿ ರಚಿಸಿದ ಪ್ರಶ್ನಾಮಾಲೆ, ಪಾಠದಲ್ಲಿ ಹಿಂದುಳಿದು ವಿಶೇಷ ನೆರವು ಬೇಕಾದ ಮಕ್ಕಳನ್ನು ಗುರುತಿಸಲಿಕ್ಕಾಗಿತ್ತು. 1911ರಲ್ಲಿ ಬಿನೆ ತೀರಿಕೊಂಡರು. ಮರುವರ್ಷ ಜರ್ಮನಿಯ ವಿಲಿಯಂ ಸ್ಟರ್ನ್ ಮಾನಸಿಕ ವಯಸ್ಸನ್ನು ನಿಜವಯಸ್ಸಿನಿಂದ ಭಾಗಿಸುವ ಸೂತ್ರ ಮುಂದಿಟ್ಟರು. ಟರ್ಮನ್ ಅದನ್ನು ನೂರರಿಂದ ಗುಣಿಸಿ ಬುದ್ಧಿಲಬ್ಧವೆಂಬ ಒಂದೇ ಅಂಕಿಯನ್ನು ಜನಪ್ರಿಯಗೊಳಿಸಿದರು. ನೆರವಿಗಾಗಿ ಹುಟ್ಟಿದ ಸಾಧನ ಹತ್ತೇ ವರ್ಷಗಳಲ್ಲಿ ಮಕ್ಕಳನ್ನು ಮೇಲು ಕೀಳೆಂದು ಸಾಲುಹಚ್ಚುವ ಸಾಧನವಾಯಿತು.

ಟರ್ಮನ್ನರ ಕೆಲಸದಿಂದ ಒಳಿತೂ ಆಯಿತು. ಅದನ್ನು ಮರೆಮಾಚುವುದು ಸರಿಯಲ್ಲ. ಬೇಗ ಅರಳಿದ ಬುದ್ಧಿ ಬೇಗ ಬಾಡುತ್ತದೆ, ಅತಿ ಜಾಣ ಮಗು ರೋಗಿಷ್ಠವಾಗಿರುತ್ತದೆ, ಹುಚ್ಚಿನ ಅಂಚಿನಲ್ಲಿರುತ್ತದೆ ಎಂಬ ನಂಬಿಕೆ ಆ ಕಾಲದಲ್ಲಿ ಬಲವಾಗಿತ್ತು. ಪ್ರತಿಭೆಗೂ ಮನೋರೋಗಕ್ಕೂ ನಂಟು ಕಟ್ಟಿದ ಇಟಲಿಯ ಲೊಂಬ್ರೊಸೊ ಬರಹಗಳು ಅದಕ್ಕೆ ವಿಜ್ಞಾನದ ಮುದ್ರೆಯನ್ನೂ ಒತ್ತಿದ್ದವು. ಟರ್ಮನ್ ಆಯ್ದ 1,528 ಮಕ್ಕಳು ಒಟ್ಟಾರೆ ಆರೋಗ್ಯದಲ್ಲಾಗಲಿ, ಮೈಕಟ್ಟಿನಲ್ಲಾಗಲಿ ಯಾರಿಗೂ ಕಡಿಮೆ ಇರಲಿಲ್ಲ. ಎಳವೆಯಲ್ಲಿ ಅವರಲ್ಲಿ ಏನು ಕಂಡಿರಿ ಎಂದು ತಂದೆತಾಯಿಯನ್ನು ಕೇಳಿದಾಗ ಬಂದ ಉತ್ತರಗಳು ಇಂದಿಗೂ ಪಟ್ಟಿಗಳಲ್ಲಿ ಮರುಕಳಿಸುತ್ತವೆ: ಹೇಳಿದ್ದನ್ನು ಥಟ್ಟನೆ ಹಿಡಿಯುವುದು, ತಣಿಯದ ಕುತೂಹಲ, ಗಟ್ಟಿ ನೆನಪು, ಬೇಗ ಮಾತು ಬರುವುದು, ವಯಸ್ಸಿಗೆ ಮೀರಿದ ಪದಸಂಪತ್ತು, ಅಂಕಿಗಳ ಹಾಗೂ ಭೂಪಟಗಳ ಹುಚ್ಚು. ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳು ಶಾಲೆಯ ಮೆಟ್ಟಿಲು ಹತ್ತುವ ಮೊದಲೇ ಓದಲು ಕಲಿತಿದ್ದರು.

ಈ ಪಟ್ಟಿಯನ್ನು ಇನ್ನೊಮ್ಮೆ ನೋಡಬೇಕು. ಭೂಪಟದ ಹುಚ್ಚು ಹಿಡಿಯಬೇಕಾದರೆ ಮನೆಯಲ್ಲಿ ಭೂಪಟವಿರಬೇಕು. ನಾಲ್ಕನೇ ವಯಸ್ಸಿಗೆ ಓದಬೇಕಾದರೆ ಪುಸ್ತಕವೂ, ಅಕ್ಷರ ತೋರಿಸುವಷ್ಟು ಬಿಡುವಿರುವ ಹಿರಿಯರೂ ಬೇಕು. ಆಯ್ಕೆಯಾದವರು ಬಹುಪಾಲು ಬಿಳಿಯ ಮಧ್ಯಮವರ್ಗದ ಮಕ್ಕಳು. ಕಪ್ಪು ಮತ್ತು ಮೆಕ್ಸಿಕನ್ ಮಕ್ಕಳ ಬುದ್ಧಿ ಜನಾಂಗದ ಕಾರಣದಿಂದಲೇ ಕಡಿಮೆ ಎಂದು ಟರ್ಮನ್ 1916ರ ಪುಸ್ತಕದಲ್ಲಿ ಬರೆದಿದ್ದರು. ಇಂಥ ಮನಸ್ಸಿನಿಂದ ಹುಡುಕುವವರಿಗೆ ಯಾವ ಮಕ್ಕಳು ಕಾಣಿಸಬಹುದು? ಅವರ ಜರಡಿಯಿಂದ ಸೋರಿಹೋದವರಲ್ಲಿ ಇಬ್ಬರು ಮುಂದೆ ಭೌತವಿಜ್ಞಾನದಲ್ಲಿ ನೊಬೆಲ್ ಪಡೆದರು: 1956ರಲ್ಲಿ ವಿಲಿಯಂ ಷಾಕ್ಲಿ, 1968ರಲ್ಲಿ ಲೂಯಿಸ್ ಆಲ್ವರೆಜ್. ಆಯ್ಕೆಯಾದವರಲ್ಲಿ ಒಬ್ಬರಿಗೂ ಆ ಬಹುಮಾನ ಬರಲಿಲ್ಲ.

ನ್ಯೂಯಾರ್ಕಿನ ಲೀಟಾ ಹಾಲಿಂಗ್‌ವರ್ಥ್ ನೋಡಿದ ರೀತಿ ಬೇರೆ. ಬುದ್ಧಿಮಾಂದ್ಯರೆಂದು ಕಳುಹಿಸಲ್ಪಟ್ಟವರನ್ನು ಪರೀಕ್ಷಿಸುವ ಕೆಲಸದಲ್ಲಿ ಪಳಗಿದವರು ಅವರು. 1916ರಲ್ಲಿ ಟೀಚರ್ಸ್ ಕಾಲೇಜಿನ ತಮ್ಮ ವಿದ್ಯಾರ್ಥಿಗಳಿಗೆ ಪರೀಕ್ಷಾವಿಧಾನ ತೋರಿಸಲೆಂದು ಕರೆಸಿದ ಎಂಟು ವರ್ಷದ ಹುಡುಗನ ಬುದ್ಧಿಲಬ್ಧ 187 ಬಂತು. ಅಲ್ಲಿಂದ 1939ರಲ್ಲಿ ತೀರಿಕೊಳ್ಳುವವರೆಗೂ ಅವರು ಇಂಥ ಮಕ್ಕಳನ್ನು ಹುಡುಕಿದರು. 180ಕ್ಕಿಂತ ಮೇಲಿನವರು ಸಿಕ್ಕಿದ್ದು 12 ಮಂದಿ. ಅವರ ಹಸ್ತಪ್ರತಿಯನ್ನು ಪತಿ ಹ್ಯಾರಿ ಪೂರ್ತಿಗೊಳಿಸಿ 1942ರಲ್ಲಿ ಪ್ರಕಟಿಸಿದರು. ಟರ್ಮನ್ ಸಾವಿರಾರು ಮಂದಿಯನ್ನು ಅಳೆದರೆ ಇವರು ಕೆಲವೇ ಮಕ್ಕಳ ಜೊತೆ ವರ್ಷಗಟ್ಟಲೆ ಮಾತನಾಡಿದರು. ಹೀಗಾಗಿ ಇವರಿಗೆ ಕಂಡ ಲಕ್ಷಣಗಳು ಅಂಕಪಟ್ಟಿಯ ಹೊರಗಿನವು. ಓರಗೆಯವರ ಆಟ ರುಚಿಸದೆ ಜಟಿಲ ನಿಯಮಗಳ ಆಟ ಕಟ್ಟಿ, ಕೂಡಲು ಯಾರೂ ಒಪ್ಪದೆ ಒಂಟಿಯಾಗುವುದು. ಹುಟ್ಟು ಸಾವುಗಳ ಬಗ್ಗೆ ಎಳೆಯ ವಯಸ್ಸಿನಲ್ಲೇ ಪಟ್ಟುಹಿಡಿದು ಕೇಳುವುದು, ಬಂದ ಉತ್ತರವನ್ನು ಹೊರುವಷ್ಟು ಮನಸ್ಸು ಇನ್ನೂ ಬಲಿಯದೆ ನರಳುವುದು. ಸಾಮಾನ್ಯ ತರಗತಿಯಲ್ಲಿ 140ರ ಮಗು ಅರ್ಧ ಸಮಯವನ್ನೂ, 170ರ ಮಗು ಬಹುತೇಕ ಎಲ್ಲ ಸಮಯವನ್ನೂ ವ್ಯರ್ಥವಾಗಿ ಕಳೆಯುತ್ತದೆ ಎಂದು ಅವರು ಅಂದಾಜಿಸಿದರು. ಅಂಥ ಮಗು ಕಿಟಕಿಯಾಚೆ ನೋಡುತ್ತ ಕೂತರೆ, ತಂಟೆ ಮಾಡಿದರೆ, ಗೃಹಪಾಠ ಬರೆಯದಿದ್ದರೆ ಶಿಕ್ಷಕರ ಪಟ್ಟಿಯಲ್ಲಿ ಅದರ ಹೆಸರು ಬರುವುದಾದರೂ ಹೇಗೆ?

ಷಿಕಾಗೊದಲ್ಲಿ ಕಪ್ಪು ಜನಾಂಗದ ಯುವ ಸಂಶೋಧಕ ಮಾರ್ಟಿನ್ ಜೆಂಕಿನ್ಸ್ ಟರ್ಮನ್ ನೋಡಲೊಲ್ಲದ ಕಡೆಗೆ ಹೋದರು. ಪಾಲ್ ವಿಟ್ಟಿ ಜೊತೆಗೂಡಿ 1935ರಲ್ಲಿ ಅವರು ಪ್ರಕಟಿಸಿದ ಪ್ರಬಂಧದಲ್ಲಿ ‘ಬಿ’ ಎಂದಷ್ಟೇ ಕರೆದ ಒಂಬತ್ತು ವರ್ಷದ ಕಪ್ಪು ಹುಡುಗಿಯ ಬುದ್ಧಿಲಬ್ಧ 200. ಅಳೆದದ್ದು ಟರ್ಮನ್ನರದೇ ಅಳತೆಗೋಲಿನಿಂದ. ಜನಾಂಗದ ವಾದಕ್ಕೆ ಇದಕ್ಕಿಂತ ನೇರವಾದ ಉತ್ತರ ಬೇಕಿರಲಿಲ್ಲ.

ಶಿಕ್ಷಕರ ಕಣ್ಣನ್ನೇ ಮೊದಲ ಜರಡಿಯಾಗಿ ಬಳಸಿದರೆ ಯಾರು ಸೋರಿಹೋಗುತ್ತಾರೆ ಎಂಬುದಕ್ಕೆ ಗಟ್ಟಿ ಪುರಾವೆ ಸಿಕ್ಕಿದ್ದು ತೀರಾ ಈಚೆಗೆ. ಫ್ಲಾರಿಡದ ಬ್ರೋವರ್ಡ್ ಕೌಂಟಿಯ ಶಾಲೆಗಳಲ್ಲಿ 2005ರವರೆಗೆ ಶಿಕ್ಷಕರು ಅಥವಾ ಪೋಷಕರು ಸೂಚಿಸಿದ ಮಕ್ಕಳಿಗೆ ಮಾತ್ರ ಪರೀಕ್ಷೆ ನಡೆಯುತ್ತಿತ್ತು. ಆ ವರ್ಷದಿಂದ ಎರಡನೇ ತರಗತಿಯ ಎಲ್ಲ ಮಕ್ಕಳಿಗೂ ಮಾತಿನ ನೆರವು ಬೇಡದ ಚಿಕ್ಕ ಪರೀಕ್ಷೆ ಕೊಟ್ಟರು. ಅರ್ಹತೆಯ ಮಟ್ಟವನ್ನು ಇಳಿಸಲಿಲ್ಲ. ಆದರೂ ಬಡ ಕುಟುಂಬಗಳ ಮತ್ತು ಇಂಗ್ಲಿಷ್ ಮನೆಮಾತಲ್ಲದ ಮಕ್ಕಳ ಆಯ್ಕೆ ಶೇ. 180ರಷ್ಟು ಏರಿತೆಂದು ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಲಾರಾ ಜೂಲಿಯಾನೊ 2016ರಲ್ಲಿ ತೋರಿಸಿದರು. ಮುಂದೆ ಹಣದ ಮುಗ್ಗಟ್ಟಿನಿಂದ ಆ ಏರ್ಪಾಡು ನಿಂತಾಗ ಸಂಖ್ಯೆ ಮತ್ತೆ ಕುಸಿಯಿತು. ಮಕ್ಕಳು ಅದೇ ನೆರೆಹೊರೆಯವರು. ಹುಡುಕುವ ರೀತಿಯಷ್ಟೇ ಬದಲಾಗಿತ್ತು.

ಕನ್ನಡದ ಮಕ್ಕಳಿಗೂ ಈ ಚರಿತ್ರೆಯಲ್ಲಿ ಪಾಲಿದೆ. ಲಂಡನ್ನಿನಲ್ಲಿ ಮನೋವಿಜ್ಞಾನಿ ಸ್ಪಿಯರ್‌ಮನ್ ಬಳಿ ಕಲಿತ ಎಂ.ವಿ. ಗೋಪಾಲಸ್ವಾಮಿ 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಮನೋವಿಜ್ಞಾನ ವಿಭಾಗ ಕಟ್ಟಿದರು. ವಿ.ವಿ. ಕಾಮತ್ ಬಿನೆ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗಾಗಿ ಪರಿಷ್ಕರಿಸಿ 1934ರಲ್ಲಿ ಬ್ರಿಟನ್ನಿನ ಶೈಕ್ಷಣಿಕ ಮನೋವಿಜ್ಞಾನ ಪತ್ರಿಕೆಯಲ್ಲಿ ಪ್ರಕಟಿಸಿದರು. ಭಾರತೀಯ ಮಕ್ಕಳ ಬುದ್ಧಿಮಾಪನ ಕುರಿತ ಅವರ ಪುಸ್ತಕವೂ ಬಂತು. ಪರದೇಶದ ಪ್ರಶ್ನೆಗಳನ್ನು ಬರೀ ಭಾಷಾಂತರಿಸಿದರೆ ಸಾಲದು, ಇಲ್ಲಿನ ಮಕ್ಕಳ ಮೇಲೆ ಪ್ರಯೋಗಿಸಿಯೇ ವಯಸ್ಸಿನ ಮಟ್ಟ ಗೊತ್ತುಮಾಡಬೇಕು ಎಂಬ ಅವರ ಶಿಸ್ತು ಆ ಕಾಲಕ್ಕೆ ದೊಡ್ಡದು.

ಸ್ವಾತಂತ್ರ್ಯಾನಂತರ ದೇಶ ಹಿಡಿದದ್ದು ಸ್ಪರ್ಧಾ ಪರೀಕ್ಷೆಯ ದಾರಿ: 1963ರ ವಿಜ್ಞಾನ ಪ್ರತಿಭಾನ್ವೇಷಣೆ, 1986ರ ಶಿಕ್ಷಣ ನೀತಿಯ ನವೋದಯ ಶಾಲೆಗಳು. ನವೋದಯದಲ್ಲಿ ಕನಿಷ್ಠ ಶೇ. 75 ಸೀಟು ಹಳ್ಳಿಯ ಮಕ್ಕಳಿಗೆ ಮೀಸಲಾಗಿರುವುದು ದೊಡ್ಡ ಹೆಜ್ಜೆಯೇ. ಆದರೆ ಅರ್ಜಿ ಹಾಕಿದ ಮಗು ಮಾತ್ರ ಆ ಪರೀಕ್ಷೆಗೆ ಕೂರುತ್ತದೆ, ಅರ್ಜಿ ಹಾಕಿಸಲು ಮನೆಯಲ್ಲೋ ಶಾಲೆಯಲ್ಲೋ ಯಾರಾದರೂ ಆ ಮಗುವನ್ನು ಮೊದಲೇ ಗಮನಿಸಿರಬೇಕು. ಕಾಮತರ ಪರೀಕ್ಷೆ ಬಿನೆ-ಕಾಮತ್ ಎಂಬ ಹೆಸರಿನಲ್ಲಿ ನಮ್ಮ ಚಿಕಿತ್ಸಾಲಯಗಳಲ್ಲಿ ಈಗಲೂ ಬಳಕೆಯಲ್ಲಿದೆ, ಅದೂ ಹೆಚ್ಚಾಗಿ ಪಾಠದಲ್ಲಿ ಹಿಂದೆ ಬಿದ್ದ ಮಕ್ಕಳಿಗೆ. ಬೇಸತ್ತು ಸುಮ್ಮನಾದ ಚುರುಕು ಮಗುವೂ ಒಮ್ಮೊಮ್ಮೆ ಆ ಸಾಲಿನಲ್ಲೇ ಬಂದು ಕೂರುತ್ತದೆ, ದೂರು ಹೊತ್ತುಕೊಂಡು.