ಎಆರ್-15 ರೈಫಲ್: ತ್ರಿಕೋನ ಪೀಠದ ಜಾಗದಲ್ಲಿ ತಗ್ಗು ಗ್ಯಾಸ್ ಬ್ಲಾಕ್

ವಿಯೆಟ್ನಾಂ ಯುದ್ಧದ ಛಾಯಾಚಿತ್ರಗಳಲ್ಲಿ ಅಮೆರಿಕದ ಎಂ16 ರೈಫಲನ್ನು ಕಂಡವರಿಗೆ ಅದರ ನಳಿಗೆಯ ಮುಂಭಾಗದಲ್ಲಿ ಎದ್ದು ನಿಂತ ತ್ರಿಕೋನಾಕಾರದ ಉಕ್ಕಿನ ತುಂಡು ನೆನಪಿನಲ್ಲಿ ಉಳಿದಿರುತ್ತದೆ. 'ಫ್ರಂಟ್ ಸೈಟ್ ಬೇಸ್' ಎಂದು ಕರೆಯಲಾಗುವ ಈ ಪೀಠವು ಕೇವಲ ಗುರಿ ಹಿಡಿಯುವ ಸಾಧನವೆಂದು ತಿಳಿದರೆ ಅದು ಅರ್ಧ ಸತ್ಯ. ಒಂದು ಗುಂಡು ಹಾರಿದ ನಂತರ ಮತ್ತೊಂದನ್ನು ರೈಫಲ್ ತಾನೇ ತುಂಬಿಕೊಳ್ಳಲು ಬೇಕಾದ ಅನಿಲವೂ ಇದೇ ಪೀಠದ ಮೂಲಕ ಹಾದುಹೋಗುತ್ತದೆ. ಎಂ16 ಹಾಗೂ ಅದರ ನಾಗರಿಕ ರೂಪವಾದ ಎಆರ್-15 ವರ್ಗದ ಬಂದೂಕುಗಳಲ್ಲಿ ಈ ಪೀಠವನ್ನು ಕಳಚಿ, 'ಲೋ ಪ್ರೊಫೈಲ್ ಗ್ಯಾಸ್ ಬ್ಲಾಕ್' ಎಂಬ ಪುಟ್ಟ ಬಿಡಿಭಾಗವನ್ನು ಜೋಡಿಸುವುದು ಅಮೆರಿಕದಲ್ಲಿ ಇಂದು ಸಾಮಾನ್ಯ ಸಂಗತಿ. ನೋಡಲು ಸರಳವೆನಿಸುವ ಈ ಬದಲಾವಣೆಯಲ್ಲಿ ಮುಕ್ಕಾಲು ಮಿಲಿಮೀಟರ್ ಆಚೀಚೆಯಾದರೂ ಬಂದೂಕು ಕೈಕೊಡಬಹುದು.

ಅನಿಲದ ಹಾದಿ

ಆರ್ಮಲೈಟ್ ಸಂಸ್ಥೆಯಲ್ಲಿದ್ದ ವಿನ್ಯಾಸಕಾರ ಯೂಜೀನ್ ಸ್ಟೋನರ್ 1950ರ ದಶಕದಲ್ಲಿ ರೂಪಿಸಿದ ಈ ವ್ಯವಸ್ಥೆಗೆ 1960ರಲ್ಲಿ ಪೇಟೆಂಟ್ ದೊರೆಯಿತು. ಅದಕ್ಕೆ ಒಂದು ವರ್ಷ ಮೊದಲೇ, 1959ರಲ್ಲಿ, ಕೋಲ್ಟ್ ಕಂಪನಿ ರೈಫಲಿನ ಹಕ್ಕುಗಳನ್ನು ಕೊಂಡುಕೊಂಡಿತ್ತು.

ಗುಂಡು ನಳಿಗೆಯೊಳಗೆ ಸಾಗುವಾಗ ಅದರ ಬೆನ್ನ ಹಿಂದಿನ ಬಿಸಿ ಅನಿಲದ ಒಂದು ಪಾಲು ನಳಿಗೆಯ ಮೇಲ್ಭಾಗದ ಸಣ್ಣ ರಂಧ್ರದಿಂದ ಪೀಠದೊಳಕ್ಕೆ ಏರುತ್ತದೆ. ಅಲ್ಲಿಂದ ತೆಳುವಾದ ಉಕ್ಕಿನ ಕೊಳವೆಯಲ್ಲಿ ಹಿಂದಕ್ಕೆ ಹರಿದು ಬೋಲ್ಟ್ ಕ್ಯಾರಿಯರ್‌ನ ಒಳಗೆ ಹಿಗ್ಗಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಖಾಲಿ ತೋಟೆ ಹೊರಬೀಳುತ್ತದೆ, ಹೊಸ ತೋಟೆ ಒಳಸೇರುತ್ತದೆ. ಸಣ್ಣ ಕಾರ್ಬೈನ್‌ಗಳಲ್ಲಿ ಈ ರಂಧ್ರ ಬಂದೂಕಿನ ಮೈಯಿಂದ ಸುಮಾರು 7 ಇಂಚು ಮುಂದಿದ್ದರೆ, 20 ಇಂಚು ನಳಿಗೆಯ ಮೂಲ ರೈಫಲಿನಲ್ಲಿ 12 ಇಂಚಿಗೂ ಮುಂದಿರುತ್ತದೆ.

ಅನಿಲದ ಲೆಕ್ಕ ಏರುಪೇರಾದರೆ ಏನಾಗುತ್ತದೆ ಎಂಬುದಕ್ಕೆ ವಿಯೆಟ್ನಾಂ ಸಾಕ್ಷಿ. ತೋಟೆಗಳಲ್ಲಿ ಬಳಸುವ ಮದ್ದನ್ನು ಸೇನೆ ಬದಲಿಸಿದ್ದರಿಂದ ರಂಧ್ರದ ಬಳಿಯ ಒತ್ತಡ ಮತ್ತು ಗುಂಡು ಹಾರಿಸುವ ವೇಗ ಎರಡೂ ಹೆಚ್ಚಿದವು. ಕ್ರೋಮ್ ಲೇಪನವಿಲ್ಲದ ಛೇಂಬರ್ ಹಾಗೂ ಶುಚಿಗೊಳಿಸುವ ಸಾಮಗ್ರಿಯ ಕೊರತೆ ಅದಕ್ಕೆ ಜೊತೆಯಾಗಿ, ಕಾಳಗದ ನಡುವೆಯೇ ರೈಫಲ್‌ಗಳು ಸಿಕ್ಕಿಕೊಂಡವು. ಸಂಸದ ರಿಚರ್ಡ್ ಇಕಾರ್ಡ್ ನೇತೃತ್ವದ ಉಪಸಮಿತಿ 1967ರಲ್ಲಿ ಈ ಬಗ್ಗೆ ವಿಚಾರಣೆ ನಡೆಸಿತು.

ಕಳಚುವುದೇಕೆ?

ಹಳೆಯ ಪೀಠವು ಗುರಿಕಂಬಕ್ಕೆ ಆಧಾರ. ಬಯೋನೆಟ್ ಮತ್ತು ಹೆಗಲಪಟ್ಟಿಯ ಕೊಂಡಿಗಳ ನೆಲೆ. ಕೈಹಿಡಿಯ ಮುಂತುದಿಯನ್ನು ಹಿಡಿದಿಡುವುದೂ ಅದೇ. ತೊಡಕು ಹುಟ್ಟುವುದು ಇಲ್ಲಿಯೇ. ಪಟ್ಟಿಯನ್ನು ಬಿಗಿದೆಳೆದು ಗುರಿಯಿಟ್ಟಾಗ ಆ ಎಳೆತ ನೇರವಾಗಿ ನಳಿಗೆಗೆ ತಗುಲಿ, ಗುಂಡು ಬೀಳುವ ಜಾಗ ಸರಿಯುತ್ತದೆ. ಇದಕ್ಕೆ ಪರಿಹಾರವೇ 'ಫ್ರೀ ಫ್ಲೋಟ್' ಕೈಹಿಡಿ. ಅದು ನಳಿಗೆಯ ಬುಡದಲ್ಲಿ ಮಾತ್ರ ಬಂಧಿತವಾಗಿದ್ದು, ಮುಂದೆ ಎಲ್ಲಿಯೂ ನಳಿಗೆಯನ್ನು ಮುಟ್ಟುವುದಿಲ್ಲ. ಉದ್ದನೆಯ ಕೈಹಿಡಿಯ ಒಳಗೆ ಎತ್ತರದ ತ್ರಿಕೋನ ಹಿಡಿಸದು. ತಗ್ಗು ಬ್ಲಾಕ್ ಹಿಡಿಸುತ್ತದೆ.

ಅಮೆರಿಕದ ವಿಶೇಷ ಪಡೆಗಳು ಸಹ ಈ ಹಾದಿಯನ್ನು ಒಮ್ಮೆಗೇ ಹಿಡಿಯಲಿಲ್ಲ. 2005ರಲ್ಲಿ ಡೇನಿಯಲ್ ಡಿಫೆನ್ಸ್ ಸಂಸ್ಥೆಗೆ ಗುತ್ತಿಗೆ ನೀಡಿದ ಕೈಹಿಡಿಯ ಒಂದು ಮಾದರಿಯಲ್ಲಿ ಹಳೆಯ ತ್ರಿಕೋನ ಹೊರಚಾಚಲೆಂದೇ ಕಿಂಡಿ ಬಿಡಲಾಗಿತ್ತು. ಮುರಿಯದ, ಮಡಚಿಕೊಳ್ಳದ ಗುರಿಕಂಬವನ್ನು ಬಿಟ್ಟುಕೊಡಲು ಸೈನಿಕರು ಸುಲಭವಾಗಿ ಒಪ್ಪುವುದಿಲ್ಲ, ಅದರಲ್ಲಿ ಅರ್ಥವೂ ಇದೆ.

ಜೋಡಣೆಯ ಸೂಕ್ಷ್ಮ

ಪೀಠವನ್ನು ನಳಿಗೆಗೆ ಬಿಗಿದಿರುವುದು ಒಂದು ತುದಿ ದಪ್ಪ, ಇನ್ನೊಂದು ತುದಿ ಸಣ್ಣಗಿರುವ ಎರಡು ಪಿನ್ನುಗಳು. ಇವುಗಳನ್ನು ಸಾಮಾನ್ಯವಾಗಿ ಎಡದಿಂದ ಬಲಕ್ಕೆ ಹೊಡೆದು ತೆಗೆಯಬೇಕು. ದಿಕ್ಕು ತಪ್ಪಿ ಹೊಡೆದರೆ ಅವು ಇನ್ನಷ್ಟು ಬಿಗಿಯುತ್ತವೆ. ಪೀಠವು ನಳಿಗೆಯ ತುದಿಯ ಕಡೆಗೇ ಜಾರಿ ಬರಬೇಕಾದ್ದರಿಂದ ತುದಿಯ ಜ್ವಾಲಾಶಾಮಕವನ್ನು ಮೊದಲು ಬಿಚ್ಚಬೇಕು. ಅಮೆರಿಕದ 1934ರ ಕಾನೂನಿನ ಪ್ರಕಾರ 16 ಇಂಚಿಗಿಂತ ಗಿಡ್ಡ ನಳಿಗೆಯ ರೈಫಲ್‌ಗಳಿಗೆ ಪ್ರತ್ಯೇಕ ನೋಂದಣಿ ಕಡ್ಡಾಯ. ಹೀಗಾಗಿ 14.5 ಇಂಚಿನ ಅನೇಕ ನಳಿಗೆಗಳಿಗೆ ಜ್ವಾಲಾಶಾಮಕವನ್ನು ಬೆಸುಗೆ ಹಾಕಿ ಉದ್ದ ಸರಿದೂಗಿಸಿರುತ್ತಾರೆ. ಅಂಥವನ್ನು ಕೊರೆದು ತೆಗೆಯದೆ ಗತ್ಯಂತರವಿಲ್ಲ. ತೆಗೆದ ಕೂಡಲೇ ನಳಿಗೆ ಕಾನೂನಿನ ಅಳತೆಗಿಂತ ಗಿಡ್ಡವಾಗುತ್ತದೆ.

ಹೊಸ ಬ್ಲಾಕಿನ ಒಳವ್ಯಾಸ ನಳಿಗೆಗೆ ಹೊಂದಬೇಕು. ಹೆಚ್ಚಿನ ನಳಿಗೆಗಳಿಗೆ 0.750 ಇಂಚು, ತೆಳುವಾದವಕ್ಕೆ 0.625, ದಪ್ಪನೆಯವಕ್ಕೆ 0.936 ಇಂಚಿನ ಬ್ಲಾಕ್‌ಗಳಿವೆ.

ಹೆಚ್ಚಿನವರು ಎಡವುವುದು ಇದರ ನಂತರ. ಹಳೆಯ ಪೀಠಕ್ಕೂ ನಳಿಗೆಯ ಮೆಟ್ಟಿಲಿಗೂ ನಡುವೆ ಕೈಹಿಡಿಯನ್ನು ಹಿಡಿಯುವ ಒಂದು ತೆಳು ಲೋಹದ ಬಿಲ್ಲೆ ಇರುತ್ತಿತ್ತು. ಅನಿಲ ರಂಧ್ರದ ಸ್ಥಾನವನ್ನು ಆ ಬಿಲ್ಲೆಯ ದಪ್ಪವನ್ನೂ ಸೇರಿಸಿಯೇ ನಿಗದಿ ಮಾಡಲಾಗಿದೆ. ಬಿಲ್ಲೆ ಇಲ್ಲದ ಹೊಸ ಬ್ಲಾಕನ್ನು ಮೆಟ್ಟಿಲಿಗೆ ತಾಗುವಂತೆ ಒತ್ತಿ ಕೂರಿಸಿದರೆ, ಎರಡು ರಂಧ್ರಗಳು ಒಂದರ ಮೇಲೊಂದು ಪೂರ್ತಿ ಕೂಡುವುದಿಲ್ಲ. ಸುಮಾರು 0.030 ಇಂಚಿನ, ಅಂದರೆ ಮುಕ್ಕಾಲು ಮಿಲಿಮೀಟರಿನ ಸಂದು ಬಿಡಬೇಕಾಗುತ್ತದೆ. ಈ ಲೆಕ್ಕವನ್ನು ಒಳಗೊಂಡೇ ತಯಾರಾದ ಬ್ಲಾಕ್‌ಗಳೂ ಉಂಟು. ಆದಕಾರಣ ತಯಾರಕರ ಸೂಚನೆಯೇ ಅಂತಿಮ.

ರಂಧ್ರ ಭಾಗಶಃ ಮುಚ್ಚಿಹೋದರೆ ಬೋಲ್ಟ್ ಪೂರ್ಣವಾಗಿ ಹಿಂದಕ್ಕೆ ಸರಿಯುವುದಿಲ್ಲ. ಪರೀಕ್ಷೆ ಸುಲಭ: ಮ್ಯಾಗಜಿನ್‌ನಲ್ಲಿ ಒಂದೇ ತೋಟೆ ತುಂಬಿ ಹಾರಿಸಿದಾಗ ಬೋಲ್ಟ್ ಹಿಂದೆಯೇ ನಿಲ್ಲಬೇಕು. ನಿಲ್ಲದಿದ್ದರೆ ಅನಿಲ ಸಾಲುತ್ತಿಲ್ಲವೆಂಬ ಸಂಶಯಕ್ಕೆ ಎಡೆಯಿದೆ.

ಬ್ಲಾಕನ್ನು ಕೇವಲ ಎರಡು ತಿರುಪುಗಳಿಂದ ಬಿಗಿಯುವುದು ಅಗ್ಗದ ವಿಧಾನ. ಆದರೆ ನಳಿಗೆ ಕಾದು ತಣ್ಣಗಾಗುವ ಆವರ್ತನದಲ್ಲಿ ತಿರುಪು ಸಡಿಲಾಗಬಹುದು. ಸಾಮಾನ್ಯ ಅಂಟು ಆ ಶಾಖಕ್ಕೆ ನಿಲ್ಲದು. ನಳಿಗೆಯಲ್ಲಿ ತಿರುಪಿನ ಮೊನೆಗೆ ಚಿಕ್ಕ ಗುಳಿ ಕೊರೆಯುವುದು ಅದಕ್ಕಿಂತ ಮೇಲು, ಪಿನ್ ಹಾಕುವುದು ಇನ್ನೂ ಭದ್ರ. ಹಳೆಯ ಪೀಠದ ತ್ರಿಕೋನವನ್ನಷ್ಟೇ ಕತ್ತರಿಸಿ, ಬುಡವನ್ನು ಮೂಲ ಪಿನ್ನುಗಳ ಸಹಿತ ಉಳಿಸಿಕೊಳ್ಳುವ ಕ್ರಮವೂ ಇದೆ. ನೋಟಕ್ಕೆ ಅಂದವಲ್ಲದಿದ್ದರೂ ಬಾಳಿಕೆಯಲ್ಲಿ ಇದನ್ನು ಮೀರಿಸುವುದು ಕಷ್ಟ. ಯಾವ ಕ್ರಮ ಅನುಸರಿಸಿದರೂ ಗುರಿಕಂಬ ಹೋದ ಮೇಲೆ ದೃಗ್ಯಂತ್ರವನ್ನೋ, ಕೈಹಿಡಿಯ ಮೇಲೆ ಕೂರುವ ಮಡಚುವ ಗುರಿಸಾಧನವನ್ನೋ ಅಳವಡಿಸಿ ಗುರಿಯನ್ನು ಹೊಸದಾಗಿ ಹೊಂದಿಸಿಕೊಳ್ಳಬೇಕು.

ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಅನ್ವಯ ಬಂದೂಕುಗಳ ತಯಾರಿಕೆ, ಮಾರಾಟ, ದುರಸ್ತಿ ಹಾಗೂ ಪರಿವರ್ತನೆಯ ಕೆಲಸಕ್ಕೆ ಪ್ರತ್ಯೇಕ ಪರವಾನಗಿ ಅಗತ್ಯ.